ಪೀಪಾಯಿ ಉಗ್ರಾಣದ ಹೊಸ ಚಕ್ರಗಳು

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಕುರ್ಚಿ ಮಾರುವ ಅಂಗಡಿಯಿಂದ. ನಾನು ಊಟಕ್ಕೆ ಮುಂಚಿನ ಪ್ರಾರ್ಥನೆ ಮುಗಿಸಿ ಎದ್ದಿದ್ದೆ. ಫೋನಿನಲ್ಲಿ ಗೊತ್ತಿಲ್ಲದ ದನಿ.

"ನೀವು ಅವರಿಗೆ ಏನಾಗ್ಬೇಕು?"

"ಅಕ್ಕ."

"ಅಕ್ಕಾ, ಸ್ವಲ್ಪ ಕೂತ್ಕೊಳ್ಳಿ."

ಕುರ್ಚಿ ಮಾರುವವನಲ್ಲವೆ, ಕಂಡವರಿಗೆಲ್ಲ ಕೂತುಕೊಳ್ಳಿ ಎನ್ನುವುದು ಅವನ ಅಭ್ಯಾಸವಿರಬೇಕು ಎಂದುಕೊಂಡು ನಾನು ನಿಂತೇ ಇದ್ದೆ. ಆಮೇಲೆ ಅವನು ಹೇಳಿದ್ದನ್ನು ಕೇಳಿ ನೆಲದ ಮೇಲೆಯೇ ಕುಳಿತೆ.

ನನ್ನ ತಮ್ಮ ಪಕ್ಕದ ಊರಿಗೆ ಚಕ್ರ ಕೊಳ್ಳಲು ಹೋಗಿದ್ದ. ಮೇಜಿಗೆ, ಕಪಾಟಿಗೆ, ಮರದ ಗೋಡೆಗೆ ಹಾಕುವ ಸಣ್ಣ ರಬ್ಬರಿನ ಚಕ್ರಗಳು. ಅವನ್ನು ಕೊಂಡು, ಗಂಟು ಕಟ್ಟಿಸಿ, ಹೊರಡುವ ಹೊತ್ತಿಗೆ ಮೂಲೆಯಲ್ಲಿ ಸುತ್ತುವ ಕುರ್ಚಿಯೊಂದು ಅವನ ಕಣ್ಣಿಗೆ ಬಿತ್ತು. ಕುಳಿತ. ಎರಡೂ ಕಾಲು ಮೇಲೆತ್ತಿದ. "ಜೋರಾಗಿ ಒಂದ್ಸಲ ತಿರುಗ್ಸಯ್ಯ ನೋಡೋಣ" ಎಂದು ಅಂಗಡಿಯವನಿಗೇ ಹೇಳಿದ. ಅವನು ತಿರುಗಿಸಿದ. ತಮ್ಮ ಗಹಗಹಿಸಿ ನಗುತ್ತ ತಿರುಗಿದನಂತೆ. ಕುರ್ಚಿ ನಿಧಾನವಾಯಿತು, ನಿಂತಿತು. "ಹೇಗಿದೆ ಸ್ವಾಮಿ ನಮ್ಮ ಕುರ್ಚಿ?" ಎಂದು ಅಂಗಡಿಯವನು ಕೇಳಿದ. ಮುಖದ ಮೇಲಿನ ನಗು ಹಾಗೆಯೇ ಇತ್ತು, ಉತ್ತರ ಬರಲಿಲ್ಲ.

"ಯಾವ ಸುತ್ತಿನಲ್ಲಿ ಹೋದರು ಅಂತ ನನಗೆ ಗೊತ್ತಾಗ್ಲೇ ಇಲ್ಲ ಅಕ್ಕಾ" ಎಂದು ಆ ಮನುಷ್ಯ ಮಗುವಿನಂತೆ ಅತ್ತ. ನಾನು ಅವನನ್ನೇ ಸಮಾಧಾನ ಮಾಡಬೇಕಾಯಿತು.

ನನ್ನ ನಾದಿನಿ, ತಮ್ಮನ ಹೆಂಡತಿ, ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಹೋಗಿ ಹೇಳಿದೆ. ಕೈಯಲ್ಲಿದ್ದ ಅವನ ಅಂಗಿಯನ್ನು ಒಮ್ಮೆ ಜಾಡಿಸಿದಳು, ಹಗ್ಗದ ಮೇಲೆ ನೇರವಾಗಿ ಹಾಕಿದಳು, ಸುಕ್ಕು ತೆಗೆದಳು. "ಅವರಿಗೆ ಯಾವತ್ತೂ ಒಂದು ಕಡೆ ಕೂರೋಕೆ ಬರ್ಲಿಲ್ಲ ಅತ್ತಿಗೆ" ಎಂದಳು. ಆಮೇಲೆ ಬಹಳ ದಿನ ಅವಳು ಮಾತೇ ಆಡಲಿಲ್ಲ.

ಅವನನ್ನು ಮನೆಗೆ ತಂದ ಗಾಡಿಯಲ್ಲಿಯೇ ಚಕ್ರಗಳ ಗಂಟೂ ಬಂತು. "ಇದನ್ನ ಎಲ್ಲಿಡ್ಲಿ?" ಎಂದು ಗಾಡಿಯವನು ಮೆಲ್ಲಗೆ ಕೇಳಿದ. "ಉಗ್ರಾಣದಲ್ಲಿ" ಎಂದು ನನ್ನ ಸೊಸೆ, ಅಂದರೆ ತಮ್ಮನ ಮಗಳು, ಕಣ್ಣೊರೆಸಿಕೊಂಡು ಹೇಳಿದಳು. ಅವಳು ಹಾಗೆ ಹೇಳಿದ ದನಿಯಲ್ಲೇ ನನಗೆ ತಿಳಿಯಿತು, ಅವಳಪ್ಪ ಅಲ್ಲಿ ಶುರುಮಾಡಿದ ಕೆಲಸ ನಿಲ್ಲುವುದಿಲ್ಲ ಎಂದು.

ಉಗ್ರಾಣ ನಮ್ಮ ತಂದೆಯದು. ಅವರ ಕಾಲದಲ್ಲಿ ಅದರ ತುಂಬ ಎಣ್ಣೆಯ ಪೀಪಾಯಿಗಳು. ಒಂದು ತುದಿಯಲ್ಲಿ ಒಳಗೆ ತರುವ ಬಾಗಿಲು, ಇನ್ನೊಂದು ತುದಿಯಲ್ಲಿ ಹೊರಗೆ ಸಾಗಿಸುವ ದೊಡ್ಡ ಬಾಗಿಲು, ಅದರಾಚೆ ಗಾಡಿ ಬರುವ ಅಂಗಳ. ನಾನೂ ತಮ್ಮನೂ ಹುಟ್ಟಿ ಬೆಳೆದದ್ದು ಅದರ ಮಗ್ಗುಲ ಕೋಣೆಗಳಲ್ಲಿ. ನಡೆಯಲು ಕಲಿತದ್ದು ಅದರ ನೆಲದ ಮೇಲೆ. ನಮ್ಮ ಪೀಪಾಯಿಗಳು ಬಹಳ ವಿಧೇಯ. ಅಡಿಗೆ ಕೊಟ್ಟ ಮರದ ಬೆಣೆಯನ್ನು ಕಾಲಿನಿಂದ ಸರಿಸಿದರೆ ಸಾಕು, ತಾವಾಗಿಯೇ ಹೊರಳುತ್ತ ದೊಡ್ಡ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದವು. ದನ ಕೊಟ್ಟಿಗೆಗೆ ಹೋಗುವಂತೆ ಪೀಪಾಯಿ ಬಾಗಿಲಿಗೆ ಹೋಗುತ್ತದೆ ಎಂದೇ ನಾವು ನಂಬಿದ್ದೆವು. ತಂದೆ ಬೇಗ ತೀರಿಕೊಂಡರು. ಅದು ಹಾಗಲ್ಲ ಎಂದು ಆಮೇಲೆ ನಮಗೆ ಹೇಳುವವರು ಯಾರೂ ಇರಲಿಲ್ಲ, ಕೇಳುವ ಪ್ರಶ್ನೆಯೂ ನಮಗೆ ಹುಟ್ಟಲಿಲ್ಲ.

ಕಾಲ ಬದಲಾಯಿತು. ಎಣ್ಣೆ ಬೇರೆ ದಾರಿಯಲ್ಲಿ, ಬೇರೆ ಡಬ್ಬಗಳಲ್ಲಿ ಹೋಗತೊಡಗಿತು. ಉಗ್ರಾಣಕ್ಕೆ ಬೀಗ ಬಿತ್ತು. ಸೂರಿನ ತಗಡು ತುಕ್ಕು ಹಿಡಿಯಿತು, ಕಿಟಕಿಗಳ ಗಾಜು ಒಡೆಯಿತು, ಪಾರಿವಾಳಗಳು ಸಂಸಾರ ಹೂಡಿದವು. ನನ್ನ ತಮ್ಮನಿಗೆ ಮಾತ್ರ ಅದರ ಮೇಲಿನ ಮೋಹ ಬಿಡಲಿಲ್ಲ. ಒಂದು ದಿನ ಮಗಳು ಏನೋ ಹೇಳಿದಳೆಂದು ಕುಣಿಯುತ್ತ ನನ್ನ ಬಳಿ ಬಂದ.

"ಅಕ್ಕಾ, ಉಗ್ರಾಣಾನ ಆಫೀಸ್ ಮಾಡ್ತೀವಿ."

"ಯಾರ ಆಫೀಸು?"

"ಯಾರದ್ದೂ ಅಲ್ಲ. ಎಲ್ಲರದ್ದೂ. ಒಬ್ಬ ಬಂದ್ರೆ ಒಬ್ಬನಿಗೆ, ಹತ್ತು ಜನ ಬಂದ್ರೆ ಹತ್ತು ಜನಕ್ಕೆ. ಬೆಳಗ್ಗೆ ಸಣ್ಣ ಕೋಣೆ, ಮಧ್ಯಾಹ್ನ ದೊಡ್ಡ ಕೋಣೆ, ಸಂಜೆ ಕೋಣೇನೇ ಇಲ್ಲ!"

"ಗೋಡೆ?"

"ಗೋಡೆಗೂ ಚಕ್ರ!" ಎಂದು ಚಪ್ಪಾಳೆ ತಟ್ಟಿದ. ತಂದೆ ಅವನನ್ನು ಬುಗುರಿ ಎಂದು ಕರೆಯುತ್ತಿದ್ದರು. ತಲೆ ನರೆತ ಮೇಲೂ ಅವನು ಬುಗುರಿಯೇ.

ಆದರೆ ಉಗ್ರಾಣದಲ್ಲಿ ಅರ್ಧ ಪಾಲು ನಮ್ಮ ಚಿಕ್ಕಪ್ಪನ ಮಗನದು. ಮಕ್ಕಳು ಅವನಿಗೆ ಗಂಭೀರಪ್ಪ ಎಂದು ಹೆಸರಿಟ್ಟಿದ್ದರು. ಅವನು ನಕ್ಕದ್ದನ್ನು ಕಂಡವರಿಲ್ಲ. ಫೋಟೋ ತೆಗೆಯುವವರು ಸ್ವಲ್ಪ ನಗಿ ಎಂದರೆ "ಯಾಕೆ?" ಎಂದು ಕೇಳುವ ಪೈಕಿ. ಅವನಿಗೆ ಕಟ್ಟಡವನ್ನು ಕೆಡವಿ ಬರಿನೆಲ ಮಾಡಿ ಮಾರಬೇಕೆಂಬ ಆಸೆ. ತಮ್ಮ ಕಾಡಿ ಬೇಡಿ ಒಂದು ಮಾತಿಗೆ ಒಪ್ಪಿಸಿದ್ದ. ಬೇಸಿಗೆ ಕಳೆದ ಮೊದಲ ಸೋಮವಾರ ಮಧ್ಯಾಹ್ನದೊಳಗೆ, ಹೊರಗಿನ ಜನ ಬಂದು ಕುಳಿತು, ನಿಜವಾಗಿ ಕೆಲಸ ಶುರುಮಾಡಿದರೆ ಉಗ್ರಾಣ ಉಳಿಯಲಿ. ಇಲ್ಲವಾದರೆ ಮಂಗಳವಾರ ಕೆಡವುವವರು ಬರಲಿ. ತಮ್ಮ ಹೋದ ಮೇಲೆ ಗಂಭೀರಪ್ಪ ಬಂದು ನಮ್ಮ ಜೊತೆ ಕುಳಿತ, ದುಃಖವನ್ನೂ ಪಟ್ಟ. ಆದರೆ ಬಾಗಿಲಲ್ಲಿ ನಿಂತು, "ಮಾತು ಮಾತೇ ಅಕ್ಕ. ಸೋಮವಾರ" ಎಂದ.

"ಅವನೇ ಇಲ್ವಲ್ಲೋ."

"ಅವನು ಇಲ್ದಿದ್ರೂ ಸೋಮವಾರ ಬರುತ್ತೆ."

ಹೀಗೆ ಶೋಕದ ಮನೆಯಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. ನಾನು ದಿನವೂ ಬೆಳಗ್ಗೆ ದೇವರ ಮುಂದೆ ಅತ್ತು, ಮುಖ ತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಉಗ್ರಾಣಕ್ಕೆ ಹೋಗುತ್ತಿದ್ದೆ. ಅಲ್ಲಿ ಅಳುವುದಕ್ಕೆ ಪುರಸೊತ್ತೇ ಇರುತ್ತಿರಲಿಲ್ಲ.

ಮೊದಲು ಪಾರಿವಾಳಗಳು. ಅವು ಮೇಲಿನ ಕಿಂಡಿಯಿಂದ ಹೊರಗೆ ಹೋದಂತೆ ಮಾಡಿ, ಕೆಳಗಿನ ಬಾಗಿಲಿನಿಂದ ನಡೆದುಕೊಂಡೇ ಒಳಗೆ ಬರುತ್ತಿದ್ದವು. ಬಾಡಿಗೆದಾರರಿಗಿಂತ ಮೊದಲೇ ಬಾಡಿಗೆದಾರರ ಗತ್ತು. ಆಮೇಲೆ ಗೋಡೆಗಳು. ನಲವತ್ತು ವರ್ಷ ಎಣ್ಣೆ ಕುಡಿದ ಇಟ್ಟಿಗೆ ಸುಣ್ಣವನ್ನು ಹಿಡಿಯಲೇ ಇಲ್ಲ. ಬೆಳಗ್ಗೆ ಬಳಿದ ಬಣ್ಣ ಮಧ್ಯಾಹ್ನಕ್ಕೆ ಬೆವರಿ ಜಾರಿ ನೆಲಕ್ಕೆ ಬಂದು ಕೂರುತ್ತಿತ್ತು. ಕೊನೆಗೆ ಸೊಸೆ ಸೊಂಟಕ್ಕೆ ಕೈಯಿಟ್ಟು, "ಬಿಟ್ಬಿಡಿ ಮೇಸ್ತ್ರಿ. ಇಟ್ಟಿಗೆ ಹಾಗೇ ಕಾಣ್ಲಿ" ಎಂದಳು.

"ಗೋಡೆಗೆ ಬಟ್ಟೆ ತೊಡಿಸ್ದೆ ಬಿಡೋದಾ ತಾಯಿ?"

"ಈಗ ಅದೇ ಫ್ಯಾಷನ್ ಮೇಸ್ತ್ರಿ."

"ನಮ್ಮ ಕಾಲದಲ್ಲಿ ಇದನ್ನ ಬಡತನ ಅಂತಿದ್ವಿ" ಎಂದು ಮೇಸ್ತ್ರಿ ಬ್ರಷ್ ತೊಳೆದಿಟ್ಟ.

ಈ ಬಡಗಿ ಮೇಸ್ತ್ರಿ ನಮ್ಮ ತಂದೆಯ ಕಾಲದಿಂದ ಉಗ್ರಾಣದ ಮನುಷ್ಯ. ಹಿಂದೆ ಪೀಪಾಯಿಗಳ ಮುಚ್ಚಳ ಬಡಿಯುತ್ತಿದ್ದವನು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ಯಾವುದನ್ನು ನೋಡಿದರೂ ಅದರ ಅಳತೆ ಹೇಳುತ್ತೇನೆ ಎನ್ನುವವನು. ತಮ್ಮ ಬದುಕಿದ್ದಾಗಲೇ ಸೊಸೆ ಇವನಿಗೆ ಒಂದು ರಸಮಟ್ಟ ತಂದುಕೊಟ್ಟಿದ್ದಳು. ಗಾಜಿನ ನಳಿಗೆಯೊಳಗೆ ಗಾಳಿಯ ಗುಳ್ಳೆ ಇರುತ್ತದಲ್ಲ, ಗುಳ್ಳೆ ನಡುವೆ ನಿಂತರೆ ನೆಲ ಸಮ ಎಂದು ಲೆಕ್ಕ, ಅದು. ಮೇಸ್ತ್ರಿ ಅದನ್ನು ಉಗ್ರಾಣದ ನೆಲದ ಮೇಲಿಟ್ಟ. ಗುಳ್ಳೆ ಓಡಿಹೋಗಿ ನಳಿಗೆಯ ತುದಿ ಸೇರಿತು. ತಮ್ಮನನ್ನು ಕರೆದ. ತಮ್ಮ ನನ್ನನ್ನು ಕರೆದ. ಮೂವರೂ ಬಗ್ಗಿ ನೋಡಿದೆವು.

"ಕೆಟ್ಟಿದೆ" ಎಂದ ಮೇಸ್ತ್ರಿ.

"ಪೂರ್ತಿ ಕೆಟ್ಟಿದೆ" ಎಂದ ತಮ್ಮ.

ನಾನೂ ತಲೆಯಾಡಿಸಿದೆ. ತಮ್ಮ ಅಂಗಡಿಗೆ ಹೋಗಿ ಜಗಳ ಮಾಡಿ, ಮತ್ತೆ ಕಾಸು ಕೊಟ್ಟು ಇನ್ನೊಂದನ್ನು ತಂದ. ಅದರ ಗುಳ್ಳೆಯೂ ಅದೇ ತುದಿಗೆ ಓಡಿತು. "ಈಗಿನ ಕಾಲದಲ್ಲಿ ಒಂದು ವಸ್ತುನಾದ್ರೂ ನೆಟ್ಟಗೆ ಮಾಡ್ತಾರಾ?" ಎಂದು ನಾವು ಮೂವರೂ ಕಾಲವನ್ನು ಬೈದು, ಚಹಾ ಕುಡಿದು, ಆ ಎರಡನ್ನೂ ಅಟ್ಟದ ಮೇಲೆ ಎಸೆದೆವು. ಸೊಸೆ ಓದಿದವಳು, ಕಂಪ್ಯೂಟರಿನಲ್ಲಿ ಚಂದದ ನಕ್ಷೆ ಬರೆದಿದ್ದಳು. ಅವಳು ಕೇಳಿದಾಗ ಅವಳಪ್ಪ ಉದ್ದ ಹೇಳಿದ, ಅಗಲ ಹೇಳಿದ, ಎತ್ತರ ಹೇಳಿದ. "ನೆಲ?" ಎಂದಳು. "ನೆಲಕ್ಕೇನು, ಬಂಗಾರದಂಥ ನೆಲ" ಎಂದ.

ಕೆಲಸ ಮುಂದೆ ಸಾಗಿದಂತೆ ನಮಗೆಲ್ಲ ಒಂದು ಬಗೆಯ ಹುಚ್ಚು ಹಿಡಿಯಿತು. ದುಃಖದ ಹಿಂದೆಯೇ ಬರುವ ಹುಚ್ಚು ಅದು. ಹಳೆಯ ತೂಕದ ಕೋಣೆಯನ್ನು ಫೋನಿನಲ್ಲಿ ಮಾತಾಡುವ ಗೂಡು ಮಾಡಿದರು. ಒಬ್ಬರೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಹೊರಗಿನವರಿಗೆ ಕೇಳದಂತೆ ಮಾತಾಡಬೇಕಂತೆ. ಪರೀಕ್ಷೆ ಮಾಡೋಣ ಎಂದು ಸೊಸೆ ನನ್ನನ್ನು ಒಳಗೆ ಕಳಿಸಿದಳು. ನಾನು ಒಳಗೆ ನಿಂತು ಗಂಟಲು ಹರಿಯುವಂತೆ ಗಂಭೀರಪ್ಪನನ್ನು ಬೈದೆ. ಬಾಗಿಲು ತೆರೆದು, "ಕೇಳಿಸ್ತಾ?" ಎಂದೆ.

"ಒಂದು ಮಾತೂ ಇಲ್ಲ ಅತ್ತೆ!"

"ಹಾಗಾದ್ರೆ ಇನ್ನೊಂದ್ಸಲ ಹೋಗ್ತೀನಿ" ಎಂದು ಮತ್ತೆ ಒಳಗೆ ಹೋದೆ. ದೇವರಿಗೆ ಕೇಳಿಸಿರಬಹುದು. ಅದನ್ನು ನಾನು ಆಮೇಲೆ ಅವನ ಹತ್ತಿರವೇ ಸರಿಮಾಡಿಕೊಂಡೆ.

ಕೊನೆಯಲ್ಲಿ ನೆಲವನ್ನು ಉಜ್ಜಿ ಹೊಳಪು ಕೊಡಿಸಿದರು. ಎಣ್ಣೆ ಕುಡಿದ ಹಳೆಯ ಕಲ್ಲು ಕನ್ನಡಿಯಾಯಿತು. ಭಾನುವಾರ ಮೇಸ್ತ್ರಿ ಚಕ್ರಗಳ ಗಂಟು ಬಿಚ್ಚಿದ. ಮೇಜುಗಳಿಗೆ, ಕಪಾಟುಗಳಿಗೆ, ದೊಡ್ಡ ಸೋಫಾಕ್ಕೆ, ಆಳೆತ್ತರದ ಮರದ ಗೋಡೆಗಳಿಗೆ ಚಕ್ರ ಬಿತ್ತು. ಸೊಸೆ ಒಂದು ಚಕ್ರವನ್ನು ತಿರುಗಿಸಿ ನೋಡಿದಳು.

"ಅತ್ತೆ, ಇದಕ್ಕೆ ತಡೆ ಇಲ್ವಲ್ಲ. ಕಾಲಲ್ಲಿ ಒತ್ತಿದ್ರೆ ನಿಲ್ಲೋ ಥರದ್ದು ಸಿಗುತ್ತೆ."

"ನಿಮ್ಮಪ್ಪ ಬೇಡ ಅಂದಿರ್ತಾನೆ. ಚಕ್ರ ಅಂದ್ಮೇಲೆ ಓಡ್ಬೇಕು ಅನ್ನೋನು."

ಅವಳು ನಕ್ಕಳು, ಕೂಡಲೇ ತುಟಿ ಕಚ್ಚಿಕೊಂಡಳು. ಹೊಸ ನೆಲದ ಮೇಲೆ ರಬ್ಬರಿನ ಗುರುತು ಬೀಳಬಾರದೆಂದು ನಾದಿನಿ, ಇನ್ನೂ ಮಾತಾಡದ ನಾದಿನಿ, ಎಲ್ಲ ಸಾಮಾನಿನ ಅಡಿಗೂ ಹಳೆಯ ಗೋಣಿತಾಟು ಹಾಸಿದಳು. ದಪ್ಪ ಗೋಣಿಯಲ್ಲಿ ಚಕ್ರಗಳು ಹೂತು ನಿಂತವು. ಯಾರಿಗೂ ಏನೂ ತಿಳಿಯಲಿಲ್ಲ.

ಸೋಮವಾರ ಬಂತು. ಬಿಸಿಲು ಮೇಲಿನ ಗಾಜಿನಿಂದ ಇಳಿದು ಇಟ್ಟಿಗೆಯ ಮೇಲೆ ಬಿದ್ದಿತ್ತು. ಗಾಳಿಗೆಂದು ದೊಡ್ಡ ಬಾಗಿಲನ್ನು ಪೂರ್ತಿ ತೆರೆದಿದ್ದೆವು. ಸೊಸೆ ಗೊತ್ತುಮಾಡಿದ್ದ ಜನ ಬಂದರು. ಭೂಪಟ ಬರೆಯುವ ಹೆಂಗಸು, ಅವಳ ಜೊತೆಗಾರರು ಕೆಲವರು. ಪರದೆಯ ಮೇಲೆ ದೂರದ ಮಕ್ಕಳಿಗೆ ಪಾಠ ಹೇಳುವ ಒಬ್ಬ ಮೇಷ್ಟ್ರು. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು ಲೆಕ್ಕಪರಿಶೋಧಕರು. ಎಲ್ಲರಿಗಿಂತ ಮೊದಲು ಬಂದವನು ಗಂಭೀರಪ್ಪ. ಸೋಫಾದ ನಟ್ಟನಡುವೆ, ಕೊಡೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕುಳಿತು, "ನಾನು ಇಲ್ಲಿಂದ ಅಲುಗಾಡಲ್ಲ. ಮಧ್ಯಾಹ್ನದ ತನಕ ನೋಡ್ತೀನಿ" ಎಂದು ಸಾರಿದ.

ಸೊಸೆ ಸಣ್ಣ ಭಾಷಣ ಮಾಡಿದಳು. "ಇಲ್ಲಿ ಯಾವುದೂ ಒಂದೇ ಕಡೆ ನಿಲ್ಲಲ್ಲ. ನಿಮಗೆ ಬೇಕಾದ ಹಾಗೆ ಬದಲಾಗುತ್ತೆ" ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, "ಗೋಣಿ ತೆಗೀರಿ" ಎಂದಳು.

ನಾನು, ಮೇಸ್ತ್ರಿ, ನಾದಿನಿ ಒಂದೊಂದಾಗಿ ಗೋಣಿ ಎಳೆದೆವು.

ಮೊದಲು ಹೊರಟದ್ದು ಒಂದು ಮೇಜು. ಯಾರೂ ಮುಟ್ಟಿರಲಿಲ್ಲ. ಏನೋ ನೆನಪಾದವರಂತೆ ಮೆಲ್ಲಗೆ ಮುಂದೆ ಹೆಜ್ಜೆಯಿಟ್ಟಿತು. ಅದರ ಹಿಂದೆ ಇನ್ನೊಂದು. ಆಮೇಲೆ ಮರದ ಗೋಡೆಗಳು, ಸಾಲಾಗಿ, ದೊಡ್ಡ ಮನೆಯ ಹೆಂಗಸರು ಮೆರವಣಿಗೆಯಲ್ಲಿ ಹೋಗುವಂತೆ ನೆಟ್ಟಗೆ, ಗಾಂಭೀರ್ಯದಿಂದ ಹೊರಟವು. ಮೇಸ್ತ್ರಿ, "ಏ, ಏ, ನಿಲ್ರೋ!" ಎಂದು ಕೂಗುತ್ತ ಕಪಾಟನ್ನು ತಬ್ಬಿಕೊಂಡ. ಕಪಾಟು ಅವನನ್ನೂ ಕರೆದುಕೊಂಡು ಹೋಯಿತು. ಸೊಸೆ ಒಂದು ಗೋಡೆಯನ್ನು ಹಿಡಿಯಲು ಓಡಿದಳು, ಅಷ್ಟರಲ್ಲಿ ಹಿಂದಿನ ಗೋಡೆ ಬಂದು ಅವಳ ಬೆನ್ನಿಗೆ ಮೆತ್ತಗೆ ಮುಟ್ಟಿ, ದಾರಿ ಬಿಡಿ ಎನ್ನುವಂತೆ ನಿಂತಿತು. ಲೆಕ್ಕಪರಿಶೋಧಕರು ಕಂಬವೊಂದನ್ನು ಇಬ್ಬರೂ ಹಂಚಿಕೊಂಡು ಹಿಡಿದರು.

ಸೋಫಾ ಕೊನೆಗೆ ಹೊರಟಿತು. ಭಾರವಾದದ್ದಲ್ಲವೆ, ತಡವಾಗಿ ಯೋಚನೆ ಮಾಡಿತು, ಆದರೆ ಹೊರಟ ಮೇಲೆ ಎಲ್ಲರನ್ನೂ ಹಿಂದೆ ಹಾಕಿತು. ಗಂಭೀರಪ್ಪ ಅದರ ನಡುವೆ ಕುಳಿತೇ ಇದ್ದ. ಮುಖದ ಒಂದು ಗೆರೆಯೂ ಬದಲಾಗಲಿಲ್ಲ. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮನ್ನೆಲ್ಲ ದಾಟಿ, ದೊಡ್ಡ ಬಾಗಿಲನ್ನು ದಾಟಿ, ಅಂಗಳದ ಇಳಿಜಾರಿನಲ್ಲಿ ಇಳಿದು, ಕಟ್ಟಡಕ್ಕೆಂದು ತಂದು ಉಳಿದಿದ್ದ ಮರಳಿನ ಗುಡ್ಡೆಗೆ ಹೋಗಿ ನಿಂತ.

ಆಗ ನನ್ನ ಹಿಂದಿನಿಂದ ಒಂದು ಸದ್ದು ಬಂತು. ನೀರು ಕುದಿಯುವ ಪಾತ್ರೆಯ ಮುಚ್ಚಳ ಎಗರುವಂಥ ಸದ್ದು. ತಿರುಗಿ ನೋಡಿದೆ. ನಾದಿನಿ ಗೋಣಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ಅವಳು ಗೋಣಿ ಕೆಳಗೆ ಬಿಟ್ಟು, "ಅತ್ತಿಗೆ, ಅವರು... ಅವರು ಇದ್ದಿದ್ರೆ... ಆ ಸೋಫಾ ಮೇಲೆ ಹಾರಿ ಕೂತಿರ್ತಿದ್ರು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೋಡೆ ಅಪ್ಪಿಕೊಂಡ ಸೊಸೆ ನಕ್ಕಳು. ಕಪಾಟನ್ನು ಬಿಡಲಾರದ ಮೇಸ್ತ್ರಿ ನಕ್ಕ. ನನಗೆ ನಗು ಬಂದ ಹೊಡೆತಕ್ಕೆ ನಿಲ್ಲಲಾಗದೆ ಕುಳಿತುಬಿಟ್ಟೆ. ಕುಳಿತು, ಅಂಗೈಯನ್ನು ನೆಲದ ಮೇಲಿಟ್ಟಾಗ, ಅರವತ್ತು ವರ್ಷ ಕಳೆದ ಮೇಲೆ, ನನಗೆ ತಿಳಿಯಿತು. ನೆಲ ವಾಲಿತ್ತು. ನಮ್ಮ ತಂದೆ ಬೇಕೆಂದೇ ವಾಲಿಸಿ ಕಟ್ಟಿಸಿದ್ದರು, ಪೀಪಾಯಿ ಉರುಳಲೆಂದು. ನಾವು ಹುಟ್ಟಿದಂದಿನಿಂದ ಅದರ ಮೇಲೆ ನಡೆದು, ಅದನ್ನೇ ಸಮ ಎಂದುಕೊಂಡಿದ್ದೆವು.

ಭೂಪಟದ ಹೆಂಗಸು ಕಣ್ಣರಳಿಸಿ ಮುಂದೆ ಬಂದಳು.

"ಅಬ್ಬಾ! ಇಷ್ಟು ಚೆನ್ನಾಗಿರೋದನ್ನ ನಾನು ಎಲ್ಲೂ ನೋಡಿಲ್ಲ. ಇಡೀ ಆಫೀಸು ತಾನಾಗೇ ಖಾಲಿ ಆಗುತ್ತಾ? ಇದು ಬೇಕಂತಲೇ ಮಾಡಿರೋದಲ್ವಾ?"

ಸೊಸೆ ನನ್ನ ಕಡೆ ಒಮ್ಮೆ ನೋಡಿದಳು, ಅಂಗಳದಲ್ಲಿ ಮರಳು ಕೊಡವುತ್ತಿದ್ದ ಗಂಭೀರಪ್ಪನ ಕಡೆ ಒಮ್ಮೆ ನೋಡಿದಳು. ಬಂದವರು ಉಳಿದರೆ ಉಗ್ರಾಣ ಉಳಿಯುತ್ತದೆ. ಹೋದರೆ ನಾಳೆ ಕೆಡವುತ್ತಾರೆ.

"ಹೌದು ಮೇಡಂ, ಇದು ನಮ್ಮ ಹೊಸ..."

"ಅಲ್ಲ ಕಣಮ್ಮ" ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ಸೊಸೆಯ ಕಣ್ಣು ನನ್ನನ್ನು ಬೇಡಿಕೊಂಡಿತು. ನನಗೆ ಅವಳ ಮೇಲೆ ಪ್ರಾಣ. ಆ ಕಟ್ಟಡದ ಮೇಲೂ ಪ್ರಾಣ. ಆದರೆ ಬೆಳಗ್ಗೆ ದೇವರ ಮುಂದೆ ಕೈಮುಗಿದು, ನನ್ನ ತಮ್ಮನ ಕೆಲಸವನ್ನು ಹರಸಪ್ಪಾ ಎಂದು ಬೇಡಿ ಬಂದಿದ್ದೆ. ಬೇಡಿದ ಬಾಯಲ್ಲೇ ತಮ್ಮನ ಹೆಸರಿನ ಬಾಗಿಲನ್ನು ಸುಳ್ಳಿನಿಂದ ತೆರೆಯುವುದು ಹೇಗೆ?

"ಅಲ್ಲ ಕಣಮ್ಮ. ಬೇಕಂತ ಮಾಡಿದ್ದಲ್ಲ. ನೆಲ ವಾಲಿದೆ ಅಂತ ನಮಗೆ ಈಗ್ಲೇ ಗೊತ್ತಾಗಿದ್ದು. ನಾವು ಇದರ ಮೇಲೇ ಬೆಳೆದವರು, ನಮಗೆ ಇದೇ ನೆಟ್ಟಗೆ ಕಾಣ್ಸೋದು. ರಸಮಟ್ಟ ತಂದು ಇಟ್ರೆ ರಸಮಟ್ಟಾನೇ ಬೈದು ಅಟ್ಟಕ್ಕೆ ಎಸೆದ ಜನ ನಾವು."

ಲೆಕ್ಕಪರಿಶೋಧಕರು ಕಂಬ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡಿದರು. "ನಮ್ಮ ಕೆಲಸಕ್ಕೆ ಇದು ಹೊಂದಲ್ಲ ಅನ್ಸುತ್ತೆ" ಎಂದು ಬಹಳ ಮರ್ಯಾದೆಯಿಂದ ಹೇಳಿ, ಆಚೆ ತುದಿಯ ಬಾಗಿಲಿನಿಂದ ಹೊರಟುಹೋದರು. ಅವರನ್ನು ನಾನು ದೂರುವುದಿಲ್ಲ. ಸೊಸೆ ಕಣ್ಣು ಮುಚ್ಚಿ ನಿಂತಿದ್ದಳು.

ಮೇಷ್ಟ್ರು ಕೆಮ್ಮಿದರು. "ಅಜ್ಜಿ, ಒಂದು ಅನುಮಾನ. ನಾನು ಪಾಠ ಹೇಳ್ತಾ ಇರ್ತೀನಿ ಅಂತಿಟ್ಕೊಳ್ಳಿ. ನನ್ನ ಮೇಜು ಹೊರಟುಬಿಟ್ರೆ ಮಕ್ಕಳಿಗೆ ಏನಂತ ಹೇಳ್ಲಿ?"

"ಶಾಲೆ ಬಿಡ್ತು ಅಂತ ಹೇಳಿ" ಎಂದಳು ನಾದಿನಿ.

ಅಷ್ಟು ದಿನ ಬಾಯಿ ಬಿಡದವಳ ಬಾಯಿಂದ ಬಂದ ಎರಡನೆಯ ಮಾತು ಅದು. ಮೇಷ್ಟ್ರು ತಲೆ ಹಿಂದಕ್ಕೆ ಹಾಕಿ ನಕ್ಕರು.

"ಪೀಪಾಯಿಗಳನ್ನ ಹೇಗೆ ನಿಲ್ಲಿಸ್ತಿದ್ರಿ?" ಎಂದು ಭೂಪಟದ ಹೆಂಗಸು ಕೇಳಿದಳು. ಅವಳ ಕಣ್ಣು ಆಗಲೇ ನೆಲವನ್ನು ಅಳೆಯುತ್ತಿತ್ತು.

"ಬೆಣೆ!" ಎಂದು ಮೇಸ್ತ್ರಿಯೂ ನಾನೂ ಒಟ್ಟಿಗೆ ಕೂಗಿದೆವು.

ಅಟ್ಟದ ಮೇಲೆ ಪಾರಿವಾಳದ ಪುಕ್ಕದಡಿ ನೂರಾರು ಬೆಣೆಗಳು ಬಿದ್ದಿದ್ದವು, ಎಣ್ಣೆ ಹೀರಿ ಕಪ್ಪಾಗಿ, ಕಬ್ಬಿಣದಷ್ಟು ಗಟ್ಟಿಯಾಗಿ. ಮೇಸ್ತ್ರಿ ಮೇಲಿನಿಂದ ಎಸೆದ, ನಾದಿನಿ ಮಡಿಲಲ್ಲಿ ಹಿಡಿದಳು. ಎಲ್ಲರೂ ಸೇರಿ ಮೇಜುಗಳನ್ನು ದಬ್ಬಿಕೊಂಡು ಮೇಲಕ್ಕೆ ತಂದರು. ಭೂಪಟದವಳ ಜೊತೆಗಾರರು ತೋಳು ಮಡಚಿ ಗೋಡೆಗಳಿಗೆ ಹೆಗಲು ಕೊಟ್ಟರು. ಪ್ರತಿ ಚಕ್ರಕ್ಕೆ ಬೆಣೆ ಒತ್ತಿದೆವು. ನಿಂತಿತು. ಅಲುಗಿಸಿ ನೋಡಿದರು, ನಿಂತೇ ಇತ್ತು.

ಮೇಷ್ಟ್ರು ಬಗ್ಗಿ ತಮ್ಮ ಮೇಜಿನ ಬೆಣೆಯನ್ನು ನೋಡಿದರು. ಸುತ್ತಲೂ ಕಳ್ಳನಂತೆ ಕಣ್ಣು ಹಾಯಿಸಿದರು. ಕಾಲಿನಿಂದ ಬೆಣೆ ಒದ್ದರು. ಮೇಜು ಹೊರಟಿತು. ಅವರು ಅದರ ಮೇಲೆ ಹಾರಿ ಕುಳಿತರು.

ಆಮೇಲೆ ಅಲ್ಲಿ ನಡೆದದ್ದನ್ನು ದೊಡ್ಡವರ ನಡವಳಿಕೆ ಎಂದು ಯಾರೂ ಹೇಳಲಾರರು. ಸಾಲು ನಿಂತರು. "ನನ್ನ ಸರದಿ", "ನೀವು ಆಗ್ಲೇ ಹೋಗಿ ಬಂದ್ರಲ್ಲ", "ಬಾಗಿಲ ಹತ್ರ ಯಾರಾದ್ರೂ ಹಿಡ್ಕೊಳ್ಳಿ ರೀ!" ಎಂದು ಕಿರುಚಾಡಿದರು. ಸೊಸೆ ಕೂಡ ಕಣ್ಣೀರು ಒರೆಸಿಕೊಳ್ಳುತ್ತ ಒಂದು ಸುತ್ತು ಹೋಗಿ ಬಂದಳು. ನನ್ನನ್ನೂ ಕೂರಿಸಲು ನೋಡಿದರು. ನಾನು ಒಪ್ಪಲಿಲ್ಲ. ಆಮೇಲೆ ಒಪ್ಪಿದೆ.

ಗಂಭೀರಪ್ಪ ಒಳಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಅಂಗಿಯ ಜೇಬಿನಿಂದ ಮರಳು ಉದುರುತ್ತಿತ್ತು. ಅವನು ಕೊಡೆಯನ್ನು ನೆಲಕ್ಕೆ ಊರಿ ಉಗ್ರಾಣವನ್ನೆಲ್ಲ ಒಮ್ಮೆ ನೋಡಿದ.

"ಯಾರೂ ಕೂತಿಲ್ಲ. ಯಾರೂ ಕೆಲಸ ಮಾಡ್ತಿಲ್ಲ."

ಅವನ ಮಾತು ನಿಜ. ಸೊಸೆಯ ಮುಖ ಬಿಳುಚಿತು. ಭೂಪಟದ ಹೆಂಗಸು ಮೇಜಿನಿಂದ ಇಳಿದು, ಕೂದಲು ಸರಿಮಾಡಿಕೊಂಡು, ತನ್ನ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಮೇಜಿಗೆ ಬೆಣೆ ಒತ್ತಿದಳು. ಕುರ್ಚಿ ಎಳೆದು ಕುಳಿತಳು.

"ನಾನು ಇಳಿಜಾರುಗಳನ್ನೇ ಬರೆಯೋಳು ಸಾರ್. ಊರೂರು ಸುತ್ತಿ ಅಳೀತೀನಿ. ಇವತ್ತು ಕೂತಲ್ಲೇ ಒಂದು ಸಿಕ್ಕಿದೆ, ಮೊದಲು ಇದನ್ನ ಬರೀತೀನಿ" ಎಂದಳು. "ಈ ಅಜ್ಜಿ ಸುಳ್ಳು ಹೇಳಿದ್ರೆ ನಾನು ನಾಳೆ ಬಿಟ್ಟು ಹೋಗ್ತಿದ್ದೆ. ಈಗ ಹೋಗಲ್ಲ." ಅವಳ ಜೊತೆಗಾರರೂ ಒಬ್ಬೊಬ್ಬರಾಗಿ ಕುಳಿತರು. ಮೇಷ್ಟ್ರು ಫೋನಿನ ಗೂಡಿಗೆ ಓಡಿ, ಬಾಗಿಲು ಹಾಕಿಕೊಂಡು, ಪಾಠ ಶುರುಮಾಡಿದರು. ಬಾಗಿಲಿನ ಗಾಜಿನೊಳಗೆ ಅವರ ಕೈ ಆಡುತ್ತಿತ್ತು, ಸದ್ದು ಮಾತ್ರ ಇಲ್ಲ.

ಗಂಭೀರಪ್ಪ ಮೇಜುಗಳ ನಡುವೆ ಒಂದು ಸುತ್ತು ಹಾಕಿದ. ಆಮೇಲೆ ನನ್ನ ಬಳಿ ಬಂದ.

"ಅಕ್ಕ, ನಾನು ಕೂತಲ್ಲಿಂದ ಅಲುಗಾಡಲ್ಲ ಅಂದಿದ್ದೆ. ಅಲುಗಾಡ್ಲಿಲ್ಲ."

"ಇಲ್ಲಪ್ಪ. ನಾವೆಲ್ಲ ನೋಡಿದ್ವಿ."

"ಉಗ್ರಾಣವೇ ನನ್ನನ್ನ ಹೊರಗೆ ಹಾಕ್ತು. ಇನ್ನು ಅದನ್ನ ನಾನೇನು ಕೆಡವ್ಲಿ?" ಎಂದ. ಅವನ ಬಾಯಿಯ ಒಂದು ತುದಿ ನಡುಗಿತು. ಅದು ನಗುವೋ ಅಲ್ಲವೋ ನಾನು ಹೇಳಲಾರೆ. ಹೊರಗೆ ಹೋಗುತ್ತ ಸೊಸೆಯ ತಲೆಯ ಮೇಲೆ ಕೈಯಿಟ್ಟು, "ನಾಳೆ ಯಾರೂ ಬರಲ್ಲ. ಹೇಳಿಬಿಡ್ತೀನಿ ಅವರಿಗೆ" ಎಂದು ಹೋದ.

ಸೊಸೆ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಎದೆ ಪಾರಿವಾಳದಂತೆ ಹೊಡೆದುಕೊಳ್ಳುತ್ತಿತ್ತು. "ಅಪ್ಪಂಗೆ ಹೇಳ್ಬೇಕು ಅತ್ತೆ" ಎಂದಳು, ಅವನು ಅಂಗಳದಲ್ಲೆಲ್ಲೋ ಇದ್ದಾನೆ ಎಂಬಂತೆ. ಮರುಕ್ಷಣ ಇಬ್ಬರಿಗೂ ನೆನಪಾಯಿತು. ನಾದಿನಿ ಬಂದು ನಮ್ಮಿಬ್ಬರನ್ನೂ ಸೇರಿಸಿ ಹಿಡಿದಳು. ಮೂವರೂ ಹಾಗೆಯೇ ನಿಂತಿದ್ದೆವು. ಹೊಸ ಬಾಡಿಗೆದಾರರು ಮರ್ಯಾದೆಯವರು, ತಲೆ ಎತ್ತದೆ ಕೆಲಸ ಮಾಡಿದರು. ಬೆರಳುಗಳ ಟಕಟಕ ಸದ್ದು ಉಗ್ರಾಣದ ತುಂಬ ಹರಡಿತು. ಅಲ್ಲಿ ಇಷ್ಟು ಜನ ಕೂಡಿ ಕೆಲಸ ಮಾಡಿ ಎಷ್ಟು ವರ್ಷವಾಗಿತ್ತೋ.

ಹೇಳಬೇಕು ಎಂದಳಲ್ಲ ಮಗು, ಹೇಳುವ ದಾರಿ ನನಗೆ ಒಂದೇ ಗೊತ್ತು. ನಾನು ಕಂಬದ ಮರೆಗೆ ಹೋಗಿ ನಿಂತು ಕಣ್ಣು ಮುಚ್ಚಿದೆ.

ದೇವರೇ, ನನ್ನ ತಮ್ಮನಿಗೆ ಈ ಸುದ್ದಿ ತಲುಪಿಸು. ಉಗ್ರಾಣ ನಿಂತಿದೆ ಎಂದು ಹೇಳು. ಜನ ಬಂದು ಕುಳಿತಿದ್ದಾರೆ, ಅವನ ಮಗಳು ನಿಭಾಯಿಸಿದಳು, ಅವನ ಹೆಂಡತಿ ನಕ್ಕಳು ಎಂದು ಹೇಳು. ಅವನು ಯಾವುದನ್ನೂ ಅರ್ಧಕ್ಕೆ ಬಿಟ್ಟು ಮಲಗಿದವನಲ್ಲ. ಇದನ್ನು ಬಿಟ್ಟು ಹೋದೆನಲ್ಲ ಎಂಬ ಕಳವಳ ಅವನನ್ನು ಕಾಡುತ್ತಿದ್ದರೆ ಇವತ್ತಿಗೆ ಅದು ಮುಗಿಯಲಿ. ಇಲ್ಲಿ ಅವನು ನೋಡಿಕೊಳ್ಳಬೇಕಾದದ್ದು ಇನ್ನೇನೂ ಉಳಿದಿಲ್ಲ, ನಾವಿದ್ದೇವೆ. ಅವನನ್ನು ನಿನ್ನ ಹತ್ತಿರ ಕರೆದುಕೋ. ಅವನ ದಣಿವು ಆರಿಸು. ನಾನು ಎತ್ತಿ ಆಡಿಸಿದ ಕೂಸು ಅವನು, ನಿನ್ನ ಕೈಯಲ್ಲಿ ಇಟ್ಟಿದ್ದೇನೆ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.